ಬಾಗಿಲ ಪಕ್ಕದ ಕುರ್ಚಿ

ತಮ್ಮನ ಜೊತೆ ಸಲೂನು ನಡೆಸುತ್ತಿದ್ದವನನ್ನು ಗಿರಾಕಿಗಳೆಲ್ಲ ಅಣ್ಣ ಎಂದೇ ಕರೆಯುತ್ತಿದ್ದರು. ಬಾಗಿಲ ಪಕ್ಕದ ಕುರ್ಚಿ ಅವನದು. ಮೆಟ್ಟಿಲು ತೊಳೆಯುವಾಗ ಸೋಪುನೀರಿಗೆ ಜಾರಿ ಬಲಹೆಗಲ ಮೇಲೆ ಬಿದ್ದನಲ್ಲ, ಆವತ್ತಿನಿಂದ ಕೈ ಎದೆಮಟ್ಟ ದಾಟಲಿಲ್ಲ. ಎಡಗೈಯಲ್ಲಿ ಬಾಚಿಕೊಂಡರೆ ಬೈತಲೆ ಸೊಟ್ಟಗಾಗುತ್ತಿತ್ತು. ಊರವರ ತಲೆಯನ್ನೆಲ್ಲ ತಿದ್ದಿದ ಮಹಾರಾಯ ಈಗ ದಿನಾ ಬೆಳಿಗ್ಗೆ ಹೆಂಡತಿಯ ಮುಂದೆ ಬಾಚಣಿಗೆ ಹಿಡಿದು ಕೂರಬೇಕಾಯಿತು.

ಫಿಸಿಯೋಥೆರಪಿಯ ಮೇಡಂ ಅವನ ಮಗಳ ವಯಸ್ಸಿನವಳು. ಬಿಸಿ ಶಾಖ ಕೊಟ್ಟು, ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸಿ, ಬಾಗಿಲಿಗೆ ಕಟ್ಟಿದ ಹಗ್ಗ ಎಳೆಸುತ್ತಿದ್ದಳು. ಅವನು ಹಲ್ಲುಕಚ್ಚಿ ಮಾಡಿದ. ನೋವಿಗೆ ಕಣ್ಣಲ್ಲಿ ನೀರು ಬಂದರೆ ಬೆವರು ಎಂದು ಒರೆಸಿಕೊಂಡ.

ಇತ್ತ ತಮ್ಮನು ತಲೆ ಕೆರೆದುಕೊಂಡು ಹೇಳಿದ: "ಒಬ್ಬನ ಕೈಲಿ ಆಗ್ತಿಲ್ಲ ಅಣ್ಣ. ಕೆಲಸಕ್ಕೆ ಬರ್ತೀನಿ ಅಂತ ಒಬ್ಬ ಕಾಯ್ತಿದ್ದಾನೆ. ಭಾನುವಾರ ಹೇಳ್ಬೇಕು. ಅಷ್ಟರೊಳಗೆ ನಿನ್ನ ಕೈ ಎದ್ರೆ ಬೇಡ ಅಂದುಬಿಡ್ತೀನಿ."

ಮಾರನೆಯ ದಿನ ಹಳೆಯ ಗಿರಾಕಿ, ನಿವೃತ್ತ ಅಂಚೆಯವರು, ನೇರವಾಗಿ ಅಣ್ಣನ ಕುರ್ಚಿಯಲ್ಲೇ ಕೂತರು. "ನೀನೇ ಮಾಡಪ್ಪ. ಹೋದ್ರೆ ಕೂದಲು ತಾನೆ, ತಲೆ ಅಲ್ವಲ್ಲ!"

ಕೈ ಎದ್ದಿತು. ನೋವಿತ್ತು, ಆದರೂ ಕತ್ತರಿ ನೆತ್ತಿ ಮುಟ್ಟಿತು. ಮರುದಿನ ಇನ್ನೊಬ್ಬರು ಕೂತರು, ಆಗಲೂ ಮುಟ್ಟಿತು. ಅಣ್ಣ ಎದ್ದೆನೋ ಬಿದ್ದೆನೋ ಎಂದು ಮೇಡಂ ಹತ್ತಿರ ಓಡಿದ.

"ತಲೆ ತನಕ ಏರುತ್ತೆ ಮೇಡಂ!"

"ಯಾರ ತಲೆ ತನಕ?"

ಅವಳು ಅವನನ್ನು ಕನ್ನಡಿಯ ಮುಂದೆ ಕೂರಿಸಿದಳು. "ನಿಮ್ಮ ತಲೆ ಮುಟ್ಟಿ ನೋಡೋಣ."

ಅರ್ಧ ಆಯುಸ್ಸು ಕನ್ನಡಿಯ ಮುಂದೆಯೇ ಕಳೆದವನು, ನಿಜ. ಆದರೆ ಅದರಲ್ಲಿ ಗಿರಾಕಿಯ ತಲೆ ಬಿಟ್ಟು ಬೇರೇನನ್ನೂ ನೋಡಿದವನಲ್ಲ. ಇವತ್ತು ತನ್ನನ್ನು ನೋಡಿದ. ಹೆಗಲು ಕಿವಿಗೆ ಏರಿತ್ತು, ಸೊಂಟ ಒಂದು ಕಡೆ ವಾಲಿತ್ತು, ಕೈ ಮಾತ್ರ ಎದೆಯ ಹತ್ತಿರವೇ ನಿಂತುಬಿಟ್ಟಿತ್ತು.

"ಹೋದ ತಿಂಗಳು ಎಲ್ಲಿತ್ತೋ ಅಲ್ಲೇ ಇದೆ," ಎಂದಳು ಮೆಲ್ಲಗೆ. "ಸ್ವಲ್ಪ ಬರಬಹುದು. ಪೂರ್ತಿ ಬರುತ್ತೆ ಅಂತ ನಿಮಗೆ ಸುಳ್ಳು ಹೇಳಲಾರೆ."

ಸಲೂನಿಗೆ ಬಂದಾಗ ಅಂಚೆಯವರು ಗಡ್ಡಕ್ಕೆಂದು ಅದೇ ಕುರ್ಚಿಯಲ್ಲಿ ಕೂತಿದ್ದರು. ಅಣ್ಣ ಈಗ ಕುರ್ಚಿಯನ್ನು ನೋಡಿದ. ಅದನ್ನು ಪೂರ್ತಿ ಕೆಳಗಿಳಿಸಿದ್ದರು. ಅಂಚೆಯವರು ಸಾಲದ್ದಕ್ಕೆ ಮುಂದಕ್ಕೆ ಜಾರಿ, ಕುತ್ತಿಗೆ ಒಳಗೆಳೆದುಕೊಂಡು ಕೂತಿದ್ದರು. ಇಷ್ಟು ದಿನ ಬಾಗಿ ದುಡಿದ ತನ್ನ ಬೆನ್ನಿಗೆ, ಕತ್ತರಿ ಹಿಡಿದಾಗ ಇನ್ನಷ್ಟು ಬಾಗಿದ್ದು ಗೊತ್ತೇ ಆಗಿರಲಿಲ್ಲ.

"ಎಂದಿನಿಂದ?" ಎಂದು ತಮ್ಮನನ್ನು ಕೇಳಿದ.

"ಇವರು ನಿನ್ನ ಹತ್ರ ಕೂತ ಮೊದಲ್ನೇ ದಿನದಿಂದ. ನಿನ್ನ ಮುಖ ನೋಡಕ್ಕಾಗ್ಲಿಲ್ಲ ಅಣ್ಣ. ಬಂದೋರಿಗೆಲ್ಲ ನಾನೇ ಹೇಳಿಟ್ಟಿದ್ದೆ."

ಅಣ್ಣನಿಗೆ ಸಿಟ್ಟು ಬಂತು. ಕಣ್ಣಿಗೆ ಮಣ್ಣೆರಚಿದರಲ್ಲ, ಅದೂ ಕನಿಕರದ ಮಣ್ಣು. ಕಾಲಿನಿಂದ ಪೆಡಲು ಒತ್ತಿ ಒತ್ತಿ ಕುರ್ಚಿಯನ್ನು ಮೊದಲಿನ ಎತ್ತರಕ್ಕೆ ತಂದ.

"ನೆಟ್ಟಗೆ ಕೂತ್ಕೊಳ್ಳಿ."

ಅವರು ನೆಟ್ಟಗೆ ಕೂತರು. ಗಡ್ಡದ ಮಾತು ಬಿಟ್ಟು, ನೆತ್ತಿ ಮುಟ್ಟುತ್ತದೋ ನೋಡಲೆಂದು ಅಣ್ಣ ಕತ್ತರಿ ಎತ್ತಿದ. ಅದು ಅವರ ಬೆನ್ನಿನ ಹತ್ತಿರ ನಿಂತಿತು. ಉಸಿರು ಬಿಗಿಹಿಡಿದು ಇನ್ನೊಮ್ಮೆ ಎತ್ತಿದ. ಕನ್ನಡಿಯಲ್ಲಿ ಅದನ್ನು ಕಂಡ ಅಂಚೆಯವರು ತಮಗರಿವಿಲ್ಲದೆಯೇ ಮೆಲ್ಲಗೆ ತಲೆ ತಗ್ಗಿಸಿದರು.

ಅದನ್ನು ಮಾತ್ರ ಅಣ್ಣನಿಂದ ತಡೆದುಕೊಳ್ಳಲಾಗಲಿಲ್ಲ. ಕತ್ತರಿಯನ್ನು ಎಡಗೈಗೆ ತೆಗೆದುಕೊಂಡು ತಮ್ಮನ ಅಂಗೈಯಲ್ಲಿಟ್ಟ.

"ಭಾನುವಾರದ ತನಕ ಯಾಕೆ? ಅವನಿಗೆ ಇವತ್ತೇ ಬಾ ಅನ್ನು," ಎಂದ. "ಕುರ್ಚಿ ಇದೇ ಎತ್ತರದಲ್ಲಿರ್ಲಿ. ಯಾರೂ ಕೆಳಗಿಳಿಸಬೇಡಿ."