ಕೈಯಲ್ಲಿದ್ದ ಸಾಮಾನು

ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಕಣದಲ್ಲಿ ಹರವಿದ ಭತ್ತವನ್ನು ಹಾಗೇ ಬಿಟ್ಟು ಗಂಡಸರು ಚಿತೆಗೆಂದು ಒಣಗಿದ ಮಾವಿನ ಮರ ಸೀಳುತ್ತಿದ್ದರು. ಕೊಡಲಿಯ ಏಟು ಬಿದ್ದಾಗಲೆಲ್ಲ ಒಳಗೆ ಹೆಣದ ಪಕ್ಕ ಕೂತ ಕೆರಿಯಮ್ಮನ ಹೆಗಲು ಅದುರುತ್ತಿತ್ತು. ಅವಳ ಗಂಡ ಜಟ್ಟಿಂಗಪ್ಪ ನಿನ್ನೆ ಬೆಳಿಗ್ಗೆ ಎಂದಿನಂತೆ ಬುತ್ತಿ ಹಿಡಿದು ಹೋದವನು ಸಂಜೆ ಗಾಡಿಯಲ್ಲಿ ಮನೆಗೆ ಬಂದಿದ್ದ. ತಾಳಗುಪ್ಪದ ದಾರಿಯ ಮತ್ತಿಮರದ ಬುಡದಲ್ಲಿ ಕೂತಲ್ಲೇ ಜೀವ ಹೋಗಿತ್ತಂತೆ.

"ಕೆರಿಯಮ್ಮ, ಅವನು ಕೈಯಲ್ಲಿ ಹಿಡೀತಿದ್ದ ಸಾಮಾನು ತಂದು ಪಕ್ಕದಲ್ಲಿ ಇಡವ್ವ, ಜೊತೇಲೇ ಕಳಿಸ್ಬೇಕು," ಎಂದ ಗಂಡನ ಚಿಕ್ಕಪ್ಪ ಸೀತಾರಾಮಪ್ಪ. "ನಮ್ಮಣ್ಣಂಗೆ ನೇಗಿಲ ಮೇಣಿ ಇಟ್ಟಿದ್ವಿ. ಇವನು ಡ್ಯಾಮಿನ ನೌಕರ, ಏನಾದ್ರೂ ಕಬ್ಣದ್ದು ಇರ್ಬೇಕಲ್ಲ?"

"ಸರ್ಕಾರದ ಸಾಮಾನು ಮನೇಲಿ ಯಾರಿಟ್ಕಳ್ತಾರೆ ಮಾರಾಯ್ರೆ!" ಎಂದಳು ಪಕ್ಕದ ಮನೆ ಮಾಸ್ತಮ್ಮ. "ಇಟ್ಕಂಡಿದ್ರೆ ಪೊಲೀಸ್ನೋರು ಹೆಣಾನೂ ಬಿಡಲ್ಲ."

ಸೀತಾರಾಮಪ್ಪ ಬಾಗಿಲ ಕಡೆ ತಿರುಗಿದ. ಅಲ್ಲಿ ಪಕ್ಕದೂರಿನ ಪುಟ್ಟಪ್ಪ ಕಂಕುಳಲ್ಲಿ ಬುತ್ತಿ ಗಂಟು ಇಟ್ಟುಕೊಂಡು ನಿಂತಿದ್ದ. ಲಿಂಗನಮಕ್ಕಿಯಲ್ಲಿ ಜಟ್ಟಿಂಗಪ್ಪನ ಜೊತೆ ಕಲ್ಲು ಕೊರೆದವನು. ಅವನೂ ಈಗಲೂ ದಿನಾ ಅಲ್ಲಿಗೇ ಕೆಲಸಕ್ಕೆ ಹೋಗುತ್ತಾನೆ ಎಂದು ಊರವರ ನಂಬಿಕೆ.

"ನೀನೇ ಹೇಳಪ್ಪ, ಜೊತೇಲಿದ್ದೋನು. ಏನು ಹಿಡೀತಿದ್ದ?"

ಪುಟ್ಟಪ್ಪ ಕೆರಿಯಮ್ಮನನ್ನು ನೋಡಿದ. ಆಮೇಲೆ ನೆಲ ನೋಡಿದ.

*

ಎರಡು ವರ್ಷದ ಹಿಂದೆ ಅಣೆಕಟ್ಟು ಮುಗಿದು ಕೂಲಿಯವರನ್ನು ಕಳಿಸಿಬಿಟ್ಟಿದ್ದರು. ರಜೆ ಎಂದು ಊರಿಗೆ ಹೇಳಿಕೊಂಡು ಜಟ್ಟಿಂಗಪ್ಪ ಮನೆಯಲ್ಲಿದ್ದ. ಆಗ ಬಂದರು ಸರ್ವೆಯವರು. ದೇಶದಲ್ಲಿ ಎಷ್ಟು ಜನಕ್ಕೆ ಕೆಲಸ ಇದೆ, ಎಷ್ಟು ಜನಕ್ಕೆ ಹೋಗಿದೆ ಎಂದು ಲೆಕ್ಕ ಹಾಕುವವರು. ಜಗಲಿಯ ತುದಿಯಲ್ಲಿ ಮಾಸ್ತಮ್ಮ ಕಿವಿ ನೆಟ್ಟು ನಿಂತಿದ್ದಳು. ಹಿಂದಿನ ದಿನವಷ್ಟೇ ಅವಳು ಯಾರನ್ನೋ 'ಕೂತು ಉಣ್ಣೋ ಗಂಡಸು' ಎಂದು ಆಡಿಕೊಂಡು ನಕ್ಕಿದ್ದಳು.

"ಹೋದ ವಾರ ಯಜಮಾನರಿಗೆ ಕೆಲಸ ಇತ್ತಾ ಅಮ್ಮ? ಇಲ್ಲ, ಹುಡುಕ್ತಾ ಇದ್ರಾ?"

ಜಟ್ಟಿಂಗಪ್ಪ ಒಳಗಿನಿಂದ ಬಂದು ಬಾಯಿ ತೆರೆಯುವಷ್ಟರಲ್ಲಿ ಕೆರಿಯಮ್ಮನೇ, "ಇದೆ ಸ್ವಾಮಿ. ಡ್ಯಾಮಿನಲ್ಲೇ. ಪರ್ಮನೆಂಟ್ ಆಗಿದೆ," ಅಂದಳು.

ಅವರು ಹಾಗೇ ಬರೆದುಕೊಂಡರು. ಮರುದಿನ ಜಟ್ಟಿಂಗಪ್ಪ ಕೋಳಿ ಕೂಗುವ ಹೊತ್ತಿಗೆ ಎದ್ದು, "ಬುತ್ತಿ ಕಟ್ಟೇ," ಅಂದ.

ಕಟ್ಟಿದಳು. ದಿನಾ ಕಟ್ಟಿದಳು. ನಾಟಿ ಕೂಲಿಗೆ ಹೋಗಿ ತಾನೇ ದುಡಿದು ತಂದ ಅಕ್ಕಿ ಬೇಯಿಸಿ ಕಟ್ಟಿದಳು. ಎಲ್ಲಿಗೆ ಎಂದು ಒಮ್ಮೆಯೂ ಕೇಳಲಿಲ್ಲ. 'ಇವತ್ತು ಮನೇಲಿರಿ' ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದುಂಟು. ಆಚೆ ಅಂಗಳದಲ್ಲಿ ಮಾಸ್ತಮ್ಮನ ಪೊರಕೆ ಸದ್ದು ಕೇಳಿದೊಡನೆ ನುಂಗಿಕೊಂಡಳು.

*

"ಹೊತ್ತಾಗ್ತದೆ," ಎಂದ ಸೀತಾರಾಮಪ್ಪ.

ಕೆರಿಯಮ್ಮ ಎದ್ದಳು. ಗೂಟಕ್ಕೆ ತೂಗುಹಾಕಿದ್ದ ಬುತ್ತಿ ಡಬ್ಬಿಯನ್ನು ತಂದು ಗಂಡನ ಬಲಗೈ ಬಳಿ ಇಟ್ಟಳು. ನಿನ್ನೆಯ ಅನ್ನ ಇನ್ನೂ ಅದರೊಳಗಿತ್ತು.

"ಇದೆಂಥದವ್ವ? ನಾನು ಕೆಲಸದ ಸಾಮಾನು ಕೇಳಿದ್ದು."

"ಕೆಲಸ ಇರ್ಲಿಲ್ಲ ಮಾವ." ಅವಳ ತಲೆ ಬಗ್ಗಿತ್ತು. "ಡ್ಯಾಮು ಮುಗಿದಾಗ್ಲೇ ಹೋಗಿತ್ತು. ಸರ್ವೆಯೋರ ಎದುರು ಸುಳ್ಳು ಹೇಳಿದ್ದು ನಾನು. ಅದನ್ನ ನಿಜ ಮಾಡಕ್ಕೆ ಅವ್ರು ದಿನಾ ಇದನ್ನ ಹಿಡ್ಕಂಡು ಹೋದ್ರು. ಅವ್ರ ಕೈಯಲ್ಲಿದ್ದಿದ್ದು ಇದೊಂದೇ."

ಹೊರಗೆ ಕೊಡಲಿ ನಿಂತಿತು. ಮಾಸ್ತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಾಗಿಲಲ್ಲಿ ನಿಂತ ಪುಟ್ಟಪ್ಪ, ತನ್ನ ಕಂಕುಳಲ್ಲಿದ್ದ ಬುತ್ತಿ ಗಂಟಿನ ಮೇಲೆ ಮೆಲ್ಲಗೆ ಟವಲು ಎಳೆದುಕೊಂಡ.