ಅತ್ತೆಯ ಹಾಲ್‌ಟಿಕೆಟ್

ಎಲ್ಲಿಂದ ಶುರು ಮಾಡಲಿ? 'ದೂರಶಿಕ್ಷಣ ವಿಶ್ವವಿದ್ಯಾಲಯವು ಸರ್ವರಿಗೂ ಬಾಗಿಲು ತೆರೆದು...' ಎಂದು ಬರೆದೆ. ಥೂ, ಪ್ರಾಸ್ಪೆಕ್ಟಸ್ ವಾಸನೆ! ಹರಿದು ಹಾಕಿದೆ. ಅಷ್ಟರಲ್ಲಿ ನನ್ನ ಕಥಾನಾಯಕಿ ಟೈಲರಮ್ಮ ಗದರಿದಳು: "ಪೀಠಿಕೆ ಸಾಕು ಮಾರಾಯ, ಪರೀಕ್ಷೆ ಬೆಲ್ ಹೊಡೆಯೋ ಹೊತ್ತಾಯ್ತು!"

೧

ಟೈಲರಮ್ಮ ಐವತ್ತು ದಾಟಿದವಳು, ಬಿ.ಎ. ಮೊದಲ ವರ್ಷ. ಅಂಚೆಯಲ್ಲಿ ಬಂದ ಪಾಠಗಳನ್ನು ಬಟ್ಟೆಗಂಟಿನಡಿ ಅಡಗಿಸಿ, ರೆಕಾರ್ಡ್ ಪಾಠ ಕಿವಿಗೆ ಸಿಕ್ಕಿಸಿಕೊಂಡು, ಮಷಿನ್ ತುಳಿಯುತ್ತಲೇ ಓದಿದವಳು. ಮನೆಯಲ್ಲಿ ಯಾರಿಗೂ ಸುಳಿವಿಲ್ಲ. ಸೊಸೆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಡಂ. ಫೇಲಾದರೆ ಅವಳೆದುರು ತಲೆ ಎತ್ತುವುದು ಹೇಗೆ? ಪರೀಕ್ಷೆಯೂ ಅದೇ ಕಾಲೇಜಿನಲ್ಲಿ. ಭಾನುವಾರ ಸೊಸೆಗೆ ರಜೆಯಲ್ಲವೇ ಎಂಬ ಧೈರ್ಯದ ಮೇಲೆ, ಗಿರಾಕಿ ಮನೆಗೆಂದು ಸುಳ್ಳು ಹೇಳಿ ಬಂದಿದ್ದಳು.

೨

ಪ್ರಶ್ನೆಪತ್ರಿಕೆಯ ಕಟ್ಟು ಹಿಡಿದು ಕೋಣೆಯೊಳಗೆ ಬಂದದ್ದು ಸೊಸೆ! ಬೇರೊಬ್ಬ ಮೇಡಂಗೆ ಜ್ವರ ಬಂದು ಇವಳನ್ನು ಕರೆಸಿದ್ದರು.

(ಕಾಕತಾಳೀಯ ಜಾಸ್ತಿಯಾಯಿತೇ? ನನಗೂ ಹಾಗನ್ನಿಸಿ ಜ್ವರ ಇಳಿಸಿ ನೋಡಿದೆ. ಕಥೆಗೇ ಜ್ವರ ಬಂತು.)

"ಅತ್ತೆ?"

"ಹಾಲ್‌ಟಿಕೆಟ್ ನೋಡಮ್ಮ. ಅತ್ತೆ ಮನೇಲಿದಾಳೆ."

ಸೊಸೆ ಫೋಟೋ ನೋಡಿದಳು, ಮುಖ ನೋಡಿದಳು, ಸರಸರನೆ ಹೊರಗೆ ನಡೆದಳು. ಟೈಲರಮ್ಮ ತೆರೆದಿದ್ದ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದಳು.

೩

'ಸೊಸೆ ದೂರು ಕೊಟ್ಟಳು' ಎಂದು ಬರೆದೆ. ಟೈಲರಮ್ಮ ನನ್ನ ಪೆನ್ನನ್ನೇ ಕಿತ್ತುಕೊಂಡಳು. "ಹೊಡಿ ಕಾಟು! ಅವಳು ಜಗಳಗಂಟಿ ಹೌದು, ಚಾಡಿಕೋರಿ ಅಲ್ಲ."

ಕಾಟು ಹೊಡೆದೆ. ನಡೆದದ್ದೇ ಬೇರೆ. ಬದಲಿಗೆ ಬಂದ ಮೇಡಂ ಬಗ್ಗಿ ಪಿಸುಗುಟ್ಟಿದಳು: "ಸಂಬಂಧಿಕರು ಬರೆಯೋ ರೂಮಲ್ಲಿ ನಾನಿರಬಾರದು ಅಂತ ನಿಮ್ಮ ಸೊಸೇನೇ ಕೇಳಿ ಬೇರೆ ರೂಮಿಗೆ ಹೋದ್ರು. ಹೋಗ್ತಾ ಕಣ್ಣೊರೆಸ್ಕೊಂಡ್ರು. ನೀವು ಬರೀರಿ."

ಟೈಲರಮ್ಮ ಬರೆದಳು ನೋಡಿ! ಬೆರಳು ಮರಗಟ್ಟಿತು, ಕನ್ನಡಕ ಜಾರಿತು, ಆದರೂ ಬರೆದಳು. ಎದ್ದು ನಿಂತು "ಅಡಿಷನಲ್ ಶೀಟ್!" ಎಂದು ಕೂಗಿದ ರಭಸಕ್ಕೆ ಹಿಂದಿನ ಬೆಂಚಿನಲ್ಲಿ ಪರೀಕ್ಷೆ ಬರೆಯುತ್ತಿದ್ದ ಪೊಲೀಸಪ್ಪ ಬೆಚ್ಚಿಬಿದ್ದ.

೪

ಗೇಟಿನಲ್ಲಿ ಸೊಸೆ ಕಾಯುತ್ತಿದ್ದಳು.

"ಯಾಕೆ ಹೇಳ್ಲಿಲ್ಲ ಅತ್ತೆ?"

"ಫೇಲಾದ್ರೆ ನಗ್ತೀಯ ಅಂತ."

"ಅಯ್ಯೋ, ನಾನೇ ಡಿಗ್ರೀಲಿ ಇಂಗ್ಲಿಷು ಎರಡು ಸಲ ಡುಮ್ಕಿ! ನಿಮ್ಮ ಮಗನಿಗೆ ಇನ್ನೂ ಗೊತ್ತಿಲ್ಲ."

ಟೈಲರಮ್ಮನಿಗೆ ನಗು ತಡೆಯಲಾಗಲಿಲ್ಲ. ಸೊಸೆಯ ಹೆಗಲು ಹಿಡಿದು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೊಸೆ ಮದುವೆಯಾಗಿ ಬಂದಾಗಿನಿಂದ ಅವರಿಬ್ಬರೂ ಹೀಗೆ ಒಟ್ಟಿಗೆ ನಕ್ಕದ್ದೇ ಇಲ್ಲ.

೫

ಈಗ ಮುಕ್ತಾಯ. ಒಂದು: ಟೈಲರಮ್ಮ ಫಸ್ಟ್ ಕ್ಲಾಸು. (ಸಿನಿಮಾ ಆಯಿತು.) ಎರಡು: ಒಂದು ಪೇಪರ್ ಢಮಾರ್. (ನೀವು ನನ್ನನ್ನು ಬಿಡುವುದಿಲ್ಲ.) ಅವಳನ್ನೇ ಕೇಳೋಣವೆಂದರೆ ಅತ್ತೆ–ಸೊಸೆ ಆಗಲೇ ಬಸ್ ಹತ್ತಿ ಕೂತಿದ್ದಾರೆ. ಮುಂದಿನ ಭಾನುವಾರ ಅರ್ಥಶಾಸ್ತ್ರ.

"ರೇಟು ಏರಿದ್ರೆ ಗಿರಾಕಿ ಕಮ್ಮಿಯಾಗ್ತಾರೆ ಅತ್ತೆ, ಅಷ್ಟೇ."

"ಮದುವೆ ಸೀಸನ್ನಲ್ಲಿ ಆಗಲ್ಲ ಕಣೇ!"

"ಹಾಗೆ ಬರೆದ್ರೆ ಸೊನ್ನೆ ಕೊಡ್ತಾರೆ."

"ಕೊಡ್ಲಿ ನೋಡೋಣ!"

"ಟೈಲರಮ್ಮ, ಮುಕ್ತಾಯ?" ಎಂದು ಕಿಟಕಿ ಬಡಿದೆ.

"ನಿಲ್ಲಯ್ಯ, ಈಗ ತಾನೇ ಪಾಠ ಶುರುವಾಗಿದೆ" ಎಂದು ಅವಳು ಕಿಟಕಿಯ ಗಾಜು ಎಳೆದಳು, ಬಸ್ಸು ಹೊರಟಿತು, ನಾನು ಹಿಂದೆ ಓಡುತ್ತಾ...