ಕಿವಿರಾಯ ಮತ್ತು ಹನ್ನೊಂದು ನಳಿಕೆಗಳು

ಅಂದು ಬೆಳಗಿನಿಂದ ಅಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಎಂಟು ತಿಂಗಳ ಕೆಲಸ ಮುಗಿದಿತ್ತಲ್ಲ! ಜನ ತಾವಾಗಿ ಒಪ್ಪಿಸಿದ ಬಂದೂಕುಗಳನ್ನು ಪೊಲೀಸರು ಮುರಿದು ಗುಜರಿಗೆ ಹಾಕಿದ್ದರು. ಅದರೊಳಗಿಂದ ಹನ್ನೊಂದು ನಳಿಕೆಗಳನ್ನು ಕಾಡಿಬೇಡಿ ತಂದು, ಅಳೆದು ಕೊಯ್ದು, ಹಳೆಯ ಕಬ್ಬಿಣದ ಮಂಚದ ಚೌಕಟ್ಟಿಗೆ ಸಾಲಾಗಿ ಬೆಸೆದಿದ್ದಳು. ಬಡಿದರೆ ಗಂಟೆಯ ಹಾಗೆ ಹಾಡಬೇಕು. ನಾಳೆ ಸಭಾಂಗಣದಲ್ಲಿ ಪ್ರದರ್ಶನ.

ಆದರೆ ಒಂದು ಸಲವೂ ಬಡಿದು ನೋಡಿರಲಿಲ್ಲ. ಅವಳ ವೆಲ್ಡಿಂಗ್ ಶೆಡ್ಡಿಗೂ ತಮ್ಮನ ಕೋಣೆಗೂ ನಡುವೆ ಒಂದೇ ಗೋಡೆ. ಸದ್ದಿನ ಕೆಲಸವನ್ನೆಲ್ಲ ಗೆಳತಿಯ ಗ್ಯಾರೇಜಿನಲ್ಲಿ ಮುಗಿಸಿ ತರುತ್ತಿದ್ದಳು.

ತಮ್ಮನಿಗೆ ಮನೆಯಲ್ಲಿ ಕಿವಿರಾಯ ಎಂದೇ ಹೆಸರು. ಪಿಯಾನೊಗಳಿಗೆ ಶ್ರುತಿ ಕೂಡಿಸುವುದು ಅವನ ಕಸುಬು. ಪಾತ್ರೆ ಬಿದ್ದರೂ ಯಾವ ಸ್ವರ ಅಂತ ಹೇಳುವ ಆಸಾಮಿ. ಎರಡು ವರ್ಷದ ಹಿಂದೆ ಒಂದು ಸಂಗೀತ ಶಾಲೆಯಲ್ಲಿ ಕೆಲಸ ಮಾಡುತ್ತಿದ್ದಾಗ ಒಬ್ಬ ಬಂದೂಕು ಹಿಡಿದು ನುಗ್ಗಿದ. ಕಿವಿರಾಯ ಪಿಯಾನೊ ಕೆಳಗೆ ತೂರಿಕೊಂಡು ಜೀವ ಉಳಿಸಿಕೊಂಡ. ಅಂದಿನಿಂದ ಬಾಗಿಲು ಬಡಿದರೂ ನಡುಗುತ್ತಾನೆ, ಡಾಕ್ಟರ ಹತ್ತಿರ ಬಿಟ್ಟರೆ ಎಲ್ಲಿಗೂ ಹೋಗುವುದಿಲ್ಲ. "ಎಳೀಬೇಡಿ, ತಾನಾಗಿ ಬರಲಿ" ಎಂದಿದ್ದರು ಡಾಕ್ಟರು. ಅಕ್ಕನ ಆಸೆ ಒಂದೇ: ನಾಳೆ ಅವನು ಅಲ್ಲಿರಬೇಕು. ಆದರೆ ನಳಿಕೆಗಳು ಯಾತರವು ಎಂದು ಅವನಿಗೆ ಹೇಳಲು ಬಾಯೇ ಬಂದಿರಲಿಲ್ಲ.

"ಬಡಿದು ನೋಡ್ದೆ ಹೊತ್ಕೊಂಡು ಹೋಗಿ ಮಾನ ಕಳ್ಕೋತೀಯಾ?" ಎಂದು ಅಮ್ಮ ಗದರಿದಳು.

ಸರಿ, ಅಕ್ಕ ಗೋಡೆಗೆ ಬಾಯಿ ಹಚ್ಚಿ ಕೂಗಿದಳು: "ಲೋ, ಹನ್ನೊಂದು ಸಲ ಬಡೀತೀನಿ ಕಣೋ! ಕಿವಿ ಮುಚ್ಕೋ!"

ಮರದ ಸುತ್ತಿಗೆ ಎತ್ತಿ ಬಡಿದಳು. ದಡ್. ಎರಡನೆಯದೂ ದಡ್. ಹನ್ನೊಂದೂ ದಡ್ ದಡ್! ಹಟಕ್ಕೆ ಬಿದ್ದು ಮತ್ತೆ ಬಡಿದಳು.

"ನಿಲ್ಸೇ ಅಕ್ಕ! ಎಷ್ಟು ಬಡಿದ್ರೂ ಅದು ಹಾಡಲ್ಲ!"

ಶೆಡ್ಡಿನ ಬಾಗಿಲಲ್ಲಿ ಕಿವಿರಾಯ! ಬರಿಗಾಲು, ಕಿವಿಯಲ್ಲಿ ಹತ್ತಿ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಎರಡೂ ತುದೀನ ಬೆಸೆದು ಕೂರಿಸಿದ್ದೀಯಲ್ಲೇ! ಕಂಡಿದ್ದನ್ನೆಲ್ಲ ಬೆಸೀತೀಯಾ? ಬಿಡ್ಸು, ದಾರ ಕಟ್ಟಿ ತೂಗುಹಾಕು."

"ಬಂದ್ರಪ್ಪ ಪಂಡಿತರು!" ಎಂದಳು ಅಕ್ಕ. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ. ಗರಗಸ ಹಿಡಿದು ಒಂದು ನಳಿಕೆಯನ್ನು ಬಿಡಿಸಿಕೊಟ್ಟಳು. ಅವನು ದಾರ ಕಟ್ಟುತ್ತ ಅದರೊಳಗೆ ಇಣುಕಿ ನೋಡಿದ.

"ಒಳಗೆ ಗೀರು ಗೀರು ಇದೆ. ಯಾವ ಪೈಪೇ ಇದು?"

ಸುಳ್ಳು ಹೇಳಬಹುದಿತ್ತು. "ಬಂದೂಕಿಂದು ಕಣೋ."

ಅವನ ಕೈ ನಿಂತಿತು. ಬಾಗಿಲ ಕಡೆ ನೋಡಿದ. ಅಮ್ಮ ಸರಿದು ದಾರಿ ಬಿಟ್ಟಳು. ಅವನು ಹೋಗಲಿಲ್ಲ. ಆಮೇಲೆ ನಳಿಕೆಯನ್ನು ಚೌಕಟ್ಟಿಗೆ ತೂಗುಹಾಕಿ, ಅಕ್ಕನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ತಾನೇ ಬಡಿದ.

ಟಿಂ! ಸದ್ದು ಶೆಡ್ಡೆಲ್ಲ ಸುತ್ತಿ, ಸುತ್ತಿ, ನಿಧಾನವಾಗಿ ಕರಗಿತು. ಅವನು ಒಂದು ಕಿವಿಯ ಹತ್ತಿ ಕಿತ್ತು ಇನ್ನೊಮ್ಮೆ ಬಡಿದ.

"ಸ್ವರ ಸ್ವಲ್ಪ ಇಳಿದಿದೆ. ತುದಿ ಉಜ್ಜಬೇಕು. ಅರ ಕೊಡೇ."

ಅಕ್ಕ ಗಡಿಬಿಡಿಯಲ್ಲಿ ಶೆಡ್ಡೆಲ್ಲ ತಡಕಾಡಿದಳು. ಅರ ಅವಳ ಜೇಬಿನಲ್ಲೇ ಇತ್ತು.

"ಇನ್ನೂ ಹತ್ತು ಇವೆಯಲ್ಲೋ, ನಾಳೆ ಹೊತ್ತಿಗೆ ಆಗತ್ತಾ?"

"ಎಲ್ಲಿ ಆಗತ್ತೆ!" ಎಂದ ಕಿವಿರಾಯ, ಆಗಲೇ ಉಜ್ಜುತ್ತ. "ಉಳಿದಿದ್ದನ್ನ ನಾಳೆ ಸಭಾಂಗಣದಲ್ಲೇ ಕೂತು ಉಜ್ತೀನಿ."